ಹಂದರ ಮೊದಲೋ, ಬಳ್ಳಿ ಮೊದಲೋ?

ಕಾದಂಬರಿಯ ಘಟನೆಗಳು ಹಬ್ಬಿ ನಿಲ್ಲುವ ಚೌಕಟ್ಟಿಗೆ ಕನ್ನಡದಲ್ಲಿ ಕಥಾಹಂದರ ಎಂಬ ಹೆಸರಿದೆ. ಹಿತ್ತಿಲಲ್ಲಿ ಹೀರೆ, ಅವರೆ ಹಬ್ಬಲೆಂದು ಗಳು ನೆಟ್ಟು ಹಗ್ಗ ಬಿಗಿದು ಕಟ್ಟುವುದೂ ಹಂದರವೇ. ಬೀಜ ಊರಿದ ದಿನವೇ ಹಂದರ ಕಟ್ಟುವವರಿದ್ದಾರೆ. ಬಳ್ಳಿ ಕುಡಿ ಚಾಚಿದ ದಿಕ್ಕು ನೋಡಿಕೊಂಡು ಗಳು ನೆಡುವವರೂ ಇದ್ದಾರೆ. ಕಾದಂಬರಿಕಾರರಲ್ಲೂ ಈ ಎರಡು ಬಗೆ. ಕೆಲವರು ಮೊದಲ ವಾಕ್ಯ ಬರೆಯುವ ಮುನ್ನವೇ ಕೊನೆಯ ಅಧ್ಯಾಯದವರೆಗಿನ ನಡೆಯನ್ನು ಗುರುತು ಹಾಕಿಕೊಳ್ಳುತ್ತಾರೆ. ಕೆಲವರು ಒಂದು ಪಾತ್ರವನ್ನೋ ಒಂದು ದೃಶ್ಯವನ್ನೋ ಹಿಡಿದು ಹೊರಟು, ಕಥೆ ಎಲ್ಲಿಗೆ ಹೋಗುತ್ತದೆಂಬುದನ್ನು ಬರೆಯುತ್ತ ಬರೆಯುತ್ತ ತಿಳಿಯುತ್ತಾರೆ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಮೊದಲನೆಯವರನ್ನು ವಾಸ್ತುಶಿಲ್ಪಿಗಳೆಂದೂ ಎರಡನೆಯವರನ್ನು ತೋಟಗಾರರೆಂದೂ ಕರೆದು, ತಮ್ಮನ್ನು ತೋಟಗಾರರ ಸಾಲಿಗೆ ಸೇರಿಸಿಕೊಂಡಿದ್ದಾರೆ.

ಎರಡರಲ್ಲಿ ಯಾವುದು ಮೇಲು ಎಂಬ ವಾದ ಹಳೆಯದು. ಅದಕ್ಕೆ ಉತ್ತರ ಲೇಖಕರ ಹೇಳಿಕೆಗಳಿಗಿಂತ ಅವರು ಬಿಟ್ಟುಹೋದ ಕಾಗದಗಳಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಡಿಕನ್ಸ್, ಫ್ಲೋಬೇರ್, ಜೋಲಾ, ದಾಸ್ತೊಯೆವ್‌ಸ್ಕಿ, ಟಾಲ್‌ಸ್ಟಾಯ್ ಇವರ ಟಿಪ್ಪಣಿಗಳೂ ಕರಡುಗಳೂ ಗ್ರಂಥಾಲಯಗಳಲ್ಲಿ ಉಳಿದಿವೆ. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಥೆಯನ್ನು ಹುಡುಕುವ ಶ್ರಮ ಯಾರಿಗೂ ತಪ್ಪಿಲ್ಲ. ಯೋಜನೆ ಹಾಕುವವರು ಆ ಹುಡುಕಾಟದ ಬಹುಪಾಲನ್ನು ಟಿಪ್ಪಣಿಯ ಹಾಳೆಯಲ್ಲಿ ನಡೆಸುತ್ತಾರೆ. ಹಾಕದವರು ಕರಡಿನ ನೂರಾರು ಪುಟಗಳಲ್ಲಿ ನಡೆಸುತ್ತಾರೆ.

ಕೊನೆಯಿಂದ ಮೊದಲಿಗೆ

ಮುಂಚಿತವಾಗಿ ಯೋಜಿಸುವುದರ ಅತ್ಯಂತ ಕಟ್ಟುನಿಟ್ಟಾದ ರೂಪವೆಂದರೆ ಅಂತ್ಯವನ್ನು ಮೊದಲು ನಿರ್ಧರಿಸುವುದು. ಇಂಗ್ಲೆಂಡಿನ ವಿಲಿಯಂ ಗಾಡ್ವಿನ್ 1794ರಲ್ಲಿ ಪ್ರಕಟಿಸಿದ ‘ಕೇಲೆಬ್ ವಿಲಿಯಮ್ಸ್’ ಹೀಗೆ ಹುಟ್ಟಿದ ಕೃತಿ. ಮೂರು ಸಂಪುಟಗಳ ಈ ಕಾದಂಬರಿಯಲ್ಲಿ ಮೂರನೆಯದನ್ನೇ ಮೊದಲು ಕಲ್ಪಿಸಿಕೊಂಡೆ ಎಂದು ಗಾಡ್ವಿನ್ ನಂತರ ವಿವರಿಸಿದ. ಒಬ್ಬನನ್ನು ಇನ್ನೊಬ್ಬ ಊರಿಂದೂರಿಗೆ ಬೆನ್ನಟ್ಟುವ ಚಿತ್ರ ಮೊದಲು ಬಂತು. ಹಾಗೆ ಬೆನ್ನಟ್ಟಲು ಒಂದು ಬಲವಾದ ಕಾರಣ ಬೇಕಾಯಿತು. ಬಚ್ಚಿಟ್ಟ ಕೊಲೆಯೊಂದರ ರಹಸ್ಯ ಎರಡನೆಯ ಸಂಪುಟವಾಯಿತು. ಆ ಕೊಲೆ ಮಾಡಿದವನ ಸ್ವಭಾವ, ಅಂತಸ್ತು, ಹಿನ್ನೆಲೆ ಮೊದಲನೆಯ ಸಂಪುಟವಾದವು. ಓದುಗ ಕಾರಣದಿಂದ ಪರಿಣಾಮಕ್ಕೆ ಹೋಗುತ್ತಾನೆ, ಲೇಖಕ ಪರಿಣಾಮದಿಂದ ಕಾರಣಕ್ಕೆ ಹೋಗಿದ್ದ. ಎಡ್ಗರ್ ಅಲನ್ ಪೋ 1846ರ ತನ್ನ ಪ್ರಬಂಧವೊಂದರ ಆರಂಭದಲ್ಲೇ ಗಾಡ್ವಿನ್ನನ ಈ ಕ್ರಮವನ್ನು ಪ್ರಸ್ತಾಪಿಸಿ, ಅಂತ್ಯ ಕಣ್ಣಮುಂದಿದ್ದರೆ ಮಾತ್ರ ಪ್ರತಿ ಘಟನೆಗೂ ಅಗತ್ಯದ ಬಿಗಿ ಬರುತ್ತದೆಂದು ವಾದಿಸಿದ.

ಪತ್ತೇದಾರಿ ಕಾದಂಬರಿ ಈ ಕ್ರಮವನ್ನು ತನ್ನ ನಿಯಮವನ್ನಾಗಿ ಮಾಡಿಕೊಂಡಿತು. ಕೊಲೆಗಾರ ಯಾರೆಂದು ತಿಳಿಯದೆ ಸುಳಿವುಗಳನ್ನು ಬಿತ್ತುವುದು ಕಷ್ಟ. ಆದರೂ ಆ ತಿಳಿವಳಿಕೆ ತಾನಾಗಿ ಬರುವುದಿಲ್ಲ. ಅಗಾಥಾ ಕ್ರಿಸ್ಟಿಯ 73 ಟಿಪ್ಪಣಿ ಪುಸ್ತಕಗಳು ಉಳಿದಿವೆ. ಒಂದೇ ಕಥೆಗೆ ಹಲವರನ್ನು ಕೊಲೆಗಾರರ ಜಾಗದಲ್ಲಿ ಇಟ್ಟು ನೋಡಿದ, ವಿಷವನ್ನೋ ಸ್ಥಳವನ್ನೋ ಬದಲಿಸಿ ನೋಡಿದ ಪಟ್ಟಿಗಳು ಅವುಗಳ ತುಂಬ ಇವೆ. ಮುದ್ರಿತ ಪುಸ್ತಕದಲ್ಲಿ ಗಣಿತದಷ್ಟು ಖಚಿತವಾಗಿ ಕಾಣುವ ಉತ್ತರ, ಟಿಪ್ಪಣಿಯಲ್ಲಿ ಹಲವು ಉತ್ತರಗಳಲ್ಲಿ ಒಂದಾಗಿತ್ತು.

ಕಂತು, ಹಾಳೆ, ಬದಲಾವಣೆ

ಯೋಜನೆಯಿಲ್ಲದೆ ಆರಂಭಿಸಿ ಯೋಜನೆಗೆ ಬಂದ ಲೇಖಕನ ಬೆಳವಣಿಗೆಯನ್ನು ಚಾರ್ಲ್ಸ್ ಡಿಕನ್ಸ್‌ನಲ್ಲಿ ಹೆಜ್ಜೆಹೆಜ್ಜೆಗೂ ಗುರುತಿಸಬಹುದು. 1836ರಲ್ಲಿ ಲಂಡನ್ನಿನ ಚಾಪ್‌ಮನ್ ಅಂಡ್ ಹಾಲ್ ಸಂಸ್ಥೆ 24 ವರ್ಷದ ಡಿಕನ್ಸ್‌ಗೆ ಕೊಟ್ಟ ಕೆಲಸ ಸಣ್ಣದು: ರಾಬರ್ಟ್ ಸೀಮೋರ್ ಎಂಬ ಹೆಸರಾಂತ ಚಿತ್ರಕಾರನ ಹಾಸ್ಯಚಿತ್ರಗಳಿಗೆ ಜೊತೆಬರಹ ಒದಗಿಸುವುದು. ತಿಂಗಳಿಗೊಂದು ಕಂತು, ಬೆಲೆ ಒಂದು ಶಿಲ್ಲಿಂಗ್. ಎರಡನೆಯ ಕಂತಿನ ಹೊತ್ತಿಗೆ ಸೀಮೋರ್ ಆತ್ಮಹತ್ಯೆ ಮಾಡಿಕೊಂಡ. ಕಥೆಯ ಚುಕ್ಕಾಣಿ ಡಿಕನ್ಸ್ ಕೈಗೆ ಬಂತು. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಮಾತುಗಾರ ಸೇವಕ ಕಾಣಿಸಿಕೊಂಡ ಮೇಲೆ ಮಾರಾಟ ಏರುತ್ತ ಹೋಗಿ, ಕೆಲವು ನೂರು ಪ್ರತಿಗಳಿಂದ ಶುರುವಾದದ್ದು ಕೊನೆಗೆ 40,000 ಮುಟ್ಟಿತು. ‘ಪಿಕ್‌ವಿಕ್ ಪೇಪರ್ಸ್’ ಹೀಗೆ ಕಂತಿನಿಂದ ಕಂತಿಗೆ ತನ್ನ ದಾರಿ ತಾನೇ ಮಾಡಿಕೊಂಡಿತು. ಅದರ ಲವಲವಿಕೆಯೂ ಅಲ್ಲಿಂದಲೇ ಬಂದದ್ದು, ಸಡಿಲ ಹೆಣಿಗೆಯೂ ಅಲ್ಲಿಂದಲೇ ಬಂದದ್ದು.

ಹತ್ತು ವರ್ಷಗಳ ನಂತರ, 1846ರಲ್ಲಿ ‘ಡಾಂಬಿ ಅಂಡ್ ಸನ್’ ಆರಂಭಿಸುವಾಗ, ಡಿಕನ್ಸ್ ಪ್ರತಿ ಕಂತಿಗೂ ಒಂದು ಯೋಜನಾ ಹಾಳೆ ಬರೆಯುವುದನ್ನು ರೂಢಿ ಮಾಡಿಕೊಂಡ. ಹಾಳೆಯನ್ನು ಎರಡು ಭಾಗ ಮಾಡಿ, ಎಡಗಡೆ ತನಗೆ ತಾನೇ ಹಾಕಿಕೊಂಡ ಪ್ರಶ್ನೆಗಳನ್ನು ಬರೆಯುತ್ತಿದ್ದ: ಈ ಪಾತ್ರವನ್ನು ಈ ಸಲ ತರಬೇಕೆ, ಈ ಸಾವು ಈಗಲೋ ಮುಂದಕ್ಕೋ. ಪಕ್ಕದಲ್ಲೇ ಹೌದು, ಇಲ್ಲ ಎಂಬ ಉತ್ತರಗಳೂ ಬೀಳುತ್ತಿದ್ದವು. ಬಲಗಡೆ ಅಧ್ಯಾಯಗಳ ಹೆಸರು ಮತ್ತು ಸಾರಾಂಶ. ಈ ಹಾಳೆಗಳಲ್ಲಿ ಬಹುಪಾಲು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಕಾದಂಬರಿಯ ಯೋಜನೆ ನಿಂತ ನಕ್ಷೆಯಲ್ಲ, ನಡೆಯುತ್ತಿರುವ ಸಂಭಾಷಣೆ ಎಂಬುದಕ್ಕೆ ಇವಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹಾಕಿದ ಯೋಜನೆಯನ್ನು ಡಿಕನ್ಸ್ ಮುರಿದದ್ದೂ ಉಂಟು. ‘ಡಾಂಬಿ’ಯ ಹಂದರವನ್ನು ಗೆಳೆಯ ಜಾನ್ ಫಾರ್ಸ್ಟರ್‌ಗೆ ಬರೆದು ತಿಳಿಸುವಾಗ, ವಾಲ್ಟರ್ ಗೇ ಎಂಬ ಭರವಸೆಯ ಹುಡುಗ ಮೆಲ್ಲಮೆಲ್ಲನೆ ಕೆಟ್ಟುಹೋಗುವುದನ್ನು ತೋರಿಸುವ ಆಲೋಚನೆ ಇತ್ತು. ಬರೆಯುತ್ತ ಹೋದಂತೆ ಅದು ಬಿದ್ದುಹೋಗಿ, ವಾಲ್ಟರ್ ಕಥಾನಾಯಕಿಯ ಕೈಹಿಡಿದ. ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ ಮಿಸ್ ಮೌಚರ್ ಎಂಬ ಕುಳ್ಳ ಹೆಂಗಸು ಕೆಟ್ಟವಳಾಗಿ ಕಾಣಿಸಿಕೊಂಡಾಗ, ಆ ಚಿತ್ರದಲ್ಲಿ ತನ್ನನ್ನೇ ಕಂಡು ನೊಂದ ಮಹಿಳೆಯೊಬ್ಬರು ಲೇಖಕನಿಗೆ ಪತ್ರ ಬರೆದರು, ಮುಂದಿನ ಕಂತೊಂದರಲ್ಲಿ ಮೌಚರ್ ಒಳ್ಳೆಯವಳಾದಳು. ಕಂತುಗಳು ಅಚ್ಚಾಗುತ್ತಿದ್ದಾಗಲೇ ಉಳಿದದ್ದನ್ನು ಬರೆಯುವವನಿಗೆ ಹಿಂದೆ ಹೋಗಿ ತಿದ್ದುವ ಅವಕಾಶ ಇರುವುದಿಲ್ಲ. ಮುಂದಿನದನ್ನು ಬಾಗಿಸಿಯೇ ಹಿಂದಿನದನ್ನು ಸರಿಪಡಿಸಬೇಕು. ಧಾರಾವಾಹಿಗೆ ಯೋಜನೆ ಬೇಕಾಗುವುದು ಇದಕ್ಕೇ. ಆ ಯೋಜನೆ ಬಾಗುವಂತಿರಬೇಕಾದದ್ದೂ ಇದಕ್ಕೇ.

1870ರ ಜೂನ್ 9ರಂದು ಡಿಕನ್ಸ್ ತೀರಿಕೊಂಡಾಗ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ನ 12 ಕಂತುಗಳಲ್ಲಿ ಆರು ಮಾತ್ರ ಬರೆದಾಗಿದ್ದವು. ಡ್ರೂಡ್ ಏನಾದ ಎಂಬ ಪ್ರಶ್ನೆಗೆ ಅವನ ಹಾಳೆಗಳು ಖಚಿತ ಉತ್ತರ ಕೊಡಲಿಲ್ಲ. ಅಷ್ಟು ಶಿಸ್ತಿನ ಯೋಜಕ ಕೂಡ ಕಥೆಯ ಬಹುಪಾಲನ್ನು ತಲೆಯಲ್ಲೇ ಇಟ್ಟುಕೊಂಡಿದ್ದ.

ಗಡಿಯಾರ ಇಟ್ಟು ಬರೆದವನು

ಡಿಕನ್ಸ್‌ನ ಕಾಲದವನೇ ಆದ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕುಳಿತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದ. ದಿನಕ್ಕೆ ಎಷ್ಟು ಪುಟ ಆಯಿತೆಂದು ದಿನಚರಿಯಲ್ಲಿ ಲೆಕ್ಕ ಇಡುತ್ತಿದ್ದ. ಹೀಗೆ 47 ಕಾದಂಬರಿಗಳನ್ನು ಬರೆದ. ಇಷ್ಟು ಕ್ರಮಬದ್ಧನಾದವನು ಕಥೆಯ ಯೋಜನೆ ಮಾತ್ರ ಹಾಕುತ್ತಿರಲಿಲ್ಲ. ಕಾದಂಬರಿ ಹೇಗೆ ಮುಗಿಯುತ್ತದೆಂದು ಆರಂಭದಲ್ಲಿ ತನಗೆ ತಿಳಿದಿರುವುದಿಲ್ಲ ಎಂದು, ಮರಣಾನಂತರ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಅದಕ್ಕೆ ವಿರುದ್ಧ ಉದಾಹರಣೆಯಾಗಿ ಅಲ್ಲಿ ವಿಲ್ಕಿ ಕಾಲಿನ್ಸ್‌ನನ್ನು ಹೆಸರಿಸುತ್ತಾನೆ. ಯಾವ ಘಟನೆ ಯಾವ ದಿನ, ಎಷ್ಟು ಹೊತ್ತಿಗೆ ನಡೆಯಿತೆಂಬುದನ್ನೂ ಮೊದಲೇ ಕೂಡಿಸಿಟ್ಟುಕೊಳ್ಳುವ ಕಾಲಿನ್ಸ್‌ನ ಕೌಶಲ ಅವನಿಗೆ ಮೆಚ್ಚುಗೆ. ಆದರೆ ಓದುವಾಗ ಆ ಕಟ್ಟಡದ ರುಚಿ ನಾಲಗೆಯಿಂದ ಹೋಗುವುದೇ ಇಲ್ಲ ಎಂಬುದು ಅವನ ದೂರು.

ಎರಡೂ ಕ್ರಮಗಳ ಮಿತಿ ಇವರಿಬ್ಬರಲ್ಲೇ ಕಾಣಸಿಗುತ್ತದೆ. ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ 1860ರಲ್ಲಿ ಪುಸ್ತಕವಾದಾಗ, ನಾಯಕಿ ಲಂಡನ್ನಿಗೆ ಹೋದ ದಿನಾಂಕ ಉಳಿದ ಘಟನೆಗಳೊಂದಿಗೆ ತಾಳೆಯಾಗುವುದಿಲ್ಲ ಎಂದು ‘ದಿ ಟೈಮ್ಸ್’ ಪತ್ರಿಕೆಯ ವಿಮರ್ಶಕ ತೋರಿಸಿಕೊಟ್ಟ. ಇಡೀ ರಹಸ್ಯ ನಿಂತದ್ದೇ ಆ ದಿನಾಂಕದ ಮೇಲೆ. ಕಾಲಿನ್ಸ್ ನಂತರದ ಆವೃತ್ತಿಯಲ್ಲಿ ತಿದ್ದಿದ. ಬಿಗಿಯಾದ ಹಂದರದಲ್ಲಿ ಒಂದು ಗಳು ಜಾರಿದರೆ ಎಲ್ಲವೂ ಅಲುಗುತ್ತದೆ.

ಟ್ರಾಲಪ್‌ನ ಸ್ವಾತಂತ್ರ್ಯಕ್ಕೆ ‘ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್’ ಬರೆಯುತ್ತಿದ್ದಾಗಿನ ಘಟನೆ ಉದಾಹರಣೆ. ಅಥೀನಿಯಂ ಕ್ಲಬ್ಬಿನಲ್ಲಿ ಇಬ್ಬರು ಪಾದ್ರಿಗಳು, ಕಾದಂಬರಿಯಿಂದ ಕಾದಂಬರಿಗೆ ಬರುತ್ತಲೇ ಇರುವ ಮಿಸೆಸ್ ಪ್ರೌಡಿ ಎಂಬ ಪಾತ್ರ ಬೇಸರ ತರಿಸಿದೆ ಎಂದು ಮಾತಾಡಿಕೊಳ್ಳುತ್ತಿದ್ದುದು ಟ್ರಾಲಪ್‌ನ ಕಿವಿಗೆ ಬಿತ್ತು. ಮನೆಗೆ ಹೋಗಿ ಅವಳನ್ನು ಕೊಲ್ಲುತ್ತೇನೆಂದು ಅವರಿಗೆ ಹೇಳಿ, ಹಾಗೆಯೇ ಮಾಡಿದ. ಆ ಸಾವಿನ ಅಧ್ಯಾಯ ಅವನ ಅತ್ಯುತ್ತಮ ಬರಹಗಳಲ್ಲೊಂದು. ಆದರೆ ತಾನು ಚೆನ್ನಾಗಿ ಬಲ್ಲ ಪಾತ್ರವನ್ನು ಕಳೆದುಕೊಂಡದ್ದಕ್ಕೆ ನಂತರ ಮರುಗಿದ. ಈ ‘ಬಲ್ಲ’ ಎಂಬ ಮಾತಿನಲ್ಲೇ ಅವನ ಕ್ರಮದ ಗುಟ್ಟಿದೆ. ಟ್ರಾಲಪ್ ಘಟನೆಗಳನ್ನು ಯೋಜಿಸಲಿಲ್ಲ, ಮನುಷ್ಯರನ್ನು ಮನದಟ್ಟು ಮಾಡಿಕೊಂಡಿದ್ದ. ಪಾತ್ರಗಳೊಂದಿಗೆ ಹಗಲಿರುಳು ಬದುಕಬೇಕೆಂಬುದು ಅವನ ಪಾಠ. ಯಾರು ಯಾವಾಗ ಹೇಗೆ ನಡೆದುಕೊಳ್ಳುತ್ತಾರೆಂಬುದು ತಿಳಿದಿದ್ದರಿಂದ ಘಟನೆಗಳು ಒಂದರಿಂದ ಒಂದು ಹೊರಟವು.

ಯೋಜನೆಯೊಳಗಿನ ಹುಡುಕಾಟ

ಫ್ರೆಂಚರಲ್ಲಿ ಯೋಜನೆ ಒಂದು ಪ್ರತ್ಯೇಕ ಬರವಣಿಗೆಯಾಗಿಯೇ ಬೆಳೆಯಿತು. ಗುಸ್ತಾವ್ ಫ್ಲೋಬೇರ್ ‘ಮದಾಂ ಬೊವಾರಿ’ಯನ್ನು 1851ರ ಸೆಪ್ಟೆಂಬರಿನಲ್ಲಿ ಆರಂಭಿಸಿ 1856ರಲ್ಲಿ ಮುಗಿಸಿದ. ಮೊದಲು ಇಡೀ ಕಥೆಯ ರೂಪರೇಷೆ, ಆಮೇಲೆ ಭಾಗಗಳ ರೂಪರೇಷೆ, ಆಮೇಲೆ ದೃಶ್ಯಗಳದ್ದು, ಕೊನೆಗೆ ಒಂದೊಂದು ದೃಶ್ಯಕ್ಕೂ ಕರಡಿನ ಮೇಲೆ ಕರಡು. ರೂವಾಂ ನಗರದ ಗ್ರಂಥಾಲಯದಲ್ಲಿ ಉಳಿದಿರುವ ಈ ಕಾಗದಗಳು ಸುಮಾರು 4,500 ಪುಟಗಳಾಗುತ್ತವೆ. ಕಥಾನಾಯಕಿ ಎಮ್ಮಾಳ ಗತಿ ಏನೆಂಬುದು ಮೊದಲ ಹಾಳೆಗಳಲ್ಲೇ ಇತ್ತು. ಐದು ವರ್ಷ ಹಿಡಿದದ್ದು ಅದನ್ನು ವಾಕ್ಯವಾಗಿಸುವುದು. ಕಥೆ ಮೊದಲೇ ಗೊತ್ತಿದ್ದರೆ ಬರೆಯುವುದು ನೀರಸವಾಗುತ್ತದೆ ಎಂಬ ಮಾತಿಗೆ ಈ ಪುಟಗಳೇ ಉತ್ತರ. ಏನು ನಡೆಯುತ್ತದೆಂಬುದು ತೀರ್ಮಾನವಾದ ಮೇಲೂ, ಅದು ಓದುಗನಿಗೆ ಹೇಗೆ ಕಾಣಬೇಕು, ಕೇಳಬೇಕು ಎಂಬ ಅನ್ವೇಷಣೆ ಪೂರ್ತಿಯಾಗಿ ಉಳಿದಿರುತ್ತದೆ.

ಎಮಿಲ್ ಜೋಲಾ ಒಂದೇ ಮನೆತನದ ಹಲವು ತಲೆಮಾರುಗಳ ಕಥೆಯನ್ನು ಹತ್ತು ಕಾದಂಬರಿಗಳಲ್ಲಿ ಹೇಳುವ ಯೋಜನೆಯನ್ನು 1860ರ ದಶಕದ ಕೊನೆಯಲ್ಲಿ ಪ್ರಕಾಶಕನ ಮುಂದಿಟ್ಟ. 1871ರಿಂದ 1893ರವರೆಗೆ ಅದು 20 ಕಾದಂಬರಿಗಳಾಗಿ ಬೆಳೆಯಿತು. ಪ್ರತಿಯೊಂದಕ್ಕೂ ಒಂದು ಕಡತ: ಪಾತ್ರಗಳ ಚೀಟಿಗಳು, ಸ್ಥಳದ ನಕ್ಷೆಗಳು, ಓದಿದ ಪುಸ್ತಕಗಳ ಟಿಪ್ಪಣಿ, ಅಧ್ಯಾಯವಾರು ಯೋಜನೆ. ‘ಜರ್ಮಿನಾಲ್’ಗಾಗಿ 1884ರ ಆರಂಭದಲ್ಲಿ ಆಂಜಾಂ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ ನಡೆಯುತ್ತಿದ್ದಾಗ ಅಲ್ಲಿಗೆ ಹೋಗಿ, ಗಣಿಯೊಳಕ್ಕೆ ಇಳಿದು ನೋಡಿ ಬಂದ. ಈ ಕಡತಗಳಲ್ಲಿ ಎಲ್ಲಕ್ಕಿಂತ ಜೀವಂತವಾದದ್ದು ಕಚ್ಚಾ ರೂಪರೇಷೆಯ ಭಾಗ. ಅಲ್ಲಿ ಜೋಲಾ ತನ್ನೊಂದಿಗೇ ಮಾತಾಡುತ್ತಾನೆ: ತನಗೆ ಏನು ಬೇಕು, ಯಾವುದು ಹಳೆಯ ಜಾಡು, ಯಾವ ದಾರಿ ಮುಚ್ಚಿದೆ. ಯೋಜನೆಯಿಲ್ಲದೆ ಬರೆಯುವವನ ತಡಕಾಟಕ್ಕೂ ಇದಕ್ಕೂ ಭೇದವಿಲ್ಲ. ಅದು ಕರಡಿನಲ್ಲಿ ನಡೆಯುತ್ತದೆ, ಇದು ಕಡತದಲ್ಲಿ ನಡೆಯಿತು.

ಜೋಲಾ ಕಲ್ಪಿಸಿದ ಮನೆತನದ ವಂಶವೃಕ್ಷ 1878ರಲ್ಲೇ ಅಚ್ಚಾಗಿತ್ತು. ಆದರೂ ‘ಲಾ ಬೆತ್ ಯುಮೇನ್’ (1890) ಬರೆಯುವಾಗ ಅವನಿಗೆ ಆ ಮನೆತನದ ಒಬ್ಬ ಕೊಲೆಗಾರ ಬೇಕಾದ. ಆ ಜಾಗಕ್ಕೆ ಮೊದಲು ಯೋಚಿಸಿದ್ದ ಎತಿಯೆನ್ ಅಷ್ಟರಲ್ಲಿ ‘ಜರ್ಮಿನಾಲ್’ನ ನಾಯಕನಾಗಿ ಬೇರೆಯೇ ಮನುಷ್ಯನಾಗಿದ್ದ. ಹಾಗಾಗಿ ಹಿಂದಿನ ಕಾದಂಬರಿಗಳಲ್ಲಿ ಹೆಸರೇ ಇಲ್ಲದ ಜಾಕ್ ಎಂಬ ಸಹೋದರನನ್ನು ಜೋಲಾ ಹುಟ್ಟಿಸಿದ. ವೃಕ್ಷಕ್ಕೆ ಹೊಸ ಕೊಂಬೆ ಬಂತು.

ಬರೆದು ಎಸೆದ ಪುಟಗಳು

ರಷ್ಯದ ಇಬ್ಬರು ದೊಡ್ಡ ಲೇಖಕರು ಎದುರು ದಿಕ್ಕಿನ ಬೆಲೆ ತೆತ್ತವರು. ಫ್ಯೋದರ್ ದಾಸ್ತೊಯೆವ್‌ಸ್ಕಿ 1867ರಲ್ಲಿ ಸಾಲದ ಹೊರೆ ಹೊತ್ತು ಜಿನೀವಾದಲ್ಲಿದ್ದ. ಪತ್ರಿಕೆಯಿಂದ ಮುಂಗಡ ಹಣ ಪಡೆದು ಖರ್ಚೂ ಆಗಿತ್ತು. ‘ದಿ ಈಡಿಯಟ್’ಗಾಗಿ ತಿಂಗಳುಗಟ್ಟಲೆ ಬರೆದದ್ದನ್ನು ಡಿಸೆಂಬರಿನಲ್ಲಿ ಪಕ್ಕಕ್ಕೆಸೆದ. ದಿನಕ್ಕೆ ಆರೇಳು ಯೋಜನೆಗಳಂತೆ ಹಾಕುತ್ತ, ಕೆಡವುತ್ತ ಎರಡು ವಾರ ಕಳೆದು, ಹೊಸದಾಗಿ ಆರಂಭಿಸಿದ. ಹಳೆಯ ಟಿಪ್ಪಣಿಗಳಲ್ಲಿ ‘ಈಡಿಯಟ್’ ಅಹಂಕಾರಿ, ಉಗ್ರ, ಕಾಮಕ್ರೋಧಗಳ ಮನುಷ್ಯ. ಹೊಸ ಕಾದಂಬರಿಯಲ್ಲಿ ಅವನು ಮಗುವಿನಂಥ ಮನಸ್ಸಿನ ಪ್ರಿನ್ಸ್ ಮಿಶ್ಕಿನ್. 1868ರ ಆರಂಭದಲ್ಲಿ ಮೊದಲ ಭಾಗ ಅಚ್ಚಾದಾಗ ಮುಂದಿನ ಭಾಗಗಳ ದಾರಿ ತೀರ್ಮಾನವಾಗಿರಲಿಲ್ಲ. ಇಲ್ಲಿ ಯೋಜನೆಗೆ ಕೊರತೆ ಇರಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಹತ್ತಾರು ಯೋಜನೆಗಳಿದ್ದವು, ಅವನ್ನು ಹೊರುವ ಮನುಷ್ಯ ಸಿಕ್ಕಿರಲಿಲ್ಲ. ಮಿಶ್ಕಿನ್ ಸಿಕ್ಕ ಮೇಲೆ, ಯೋಜನೆ ಅರ್ಧ ಇದ್ದರೂ ಕಾದಂಬರಿ ನಡೆಯಿತು.

ಟಾಲ್‌ಸ್ಟಾಯ್ ಹೊರಟದ್ದು 1856ರಲ್ಲಿ ಸೈಬೀರಿಯದ ಗಡೀಪಾರಿನಿಂದ ಮರಳುವ ಡಿಸೆಂಬರಿಸ್ಟ್ ದಂಗೆಕೋರನೊಬ್ಬನ ಕಥೆ ಬರೆಯಲು. ಅವನನ್ನು ಅರಿಯಲು 1825ರ ದಂಗೆಗೆ ಹೋಗಬೇಕಾಯಿತು. ಅವನ ಯೌವನಕ್ಕಾಗಿ 1812ರ ನೆಪೋಲಿಯನ್ ದಾಳಿಗೆ, ಆ ಗೆಲುವಿನ ಹಿಂದಿನ ಸೋಲುಗಳಿಗಾಗಿ 1805ಕ್ಕೆ. ಹೀಗೆ ಹಿಂದೆ ಸರಿದು ಸರಿದು ನಿಂತಲ್ಲಿಂದ ಆರಂಭವಾದದ್ದು ‘ವಾರ್ ಅಂಡ್ ಪೀಸ್’. 1865ರಲ್ಲಿ ಪತ್ರಿಕೆಯಲ್ಲಿ ಬರತೊಡಗಿದಾಗ ಅದರ ಹೆಸರೇ ‘1805’. ನಡುವಿನ ಒಂದು ಹಂತದಲ್ಲಿ, ಮುಖ್ಯ ಪಾತ್ರಗಳಲ್ಲೊಬ್ಬನಾದ ಪ್ರಿನ್ಸ್ ಆಂದ್ರೆ ಬದುಕುಳಿಯುವ ಸುಖಾಂತವೂ ಇತ್ತು. 1869ರಲ್ಲಿ ಮುಗಿದ ಕೃತಿಯಲ್ಲಿ ಆಂದ್ರೆ ಸಾಯುತ್ತಾನೆ. ಮೊದಲು ಹೊರಟಿದ್ದ 1856ರ ಕಥೆಗೆ ಕಾದಂಬರಿ ತಲುಪುವುದೇ ಇಲ್ಲ. ಹತ್ತಾರು ಆರಂಭಗಳನ್ನು ಬರೆದು ಬಿಟ್ಟಿದ್ದಾಗಿತ್ತು. ಅವೆಲ್ಲ ವ್ಯರ್ಥವೆನ್ನುವಂತಿಲ್ಲ. ಬೇರೆಯವರು ಟಿಪ್ಪಣಿಯಲ್ಲಿ ಮಾಡುವ ಯೋಚನೆಯನ್ನು ಟಾಲ್‌ಸ್ಟಾಯ್ ಪೂರ್ಣ ವಾಕ್ಯಗಳಲ್ಲಿ ಮಾಡಿದ.

ನಿಂತುಹೋದ ಬರಹ

ಯೋಜನೆಯಿಲ್ಲದ ಬರವಣಿಗೆಯ ದೊಡ್ಡ ಅಪಾಯ ನಡುದಾರಿಯಲ್ಲಿ ನಿಲ್ಲುವುದು. ಮಾರ್ಕ್ ಟ್ವೇನ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ‘ಟಾಮ್ ಸಾಯರ್’ ಹಸ್ತಪ್ರತಿಯ 400ನೇ ಪುಟದಲ್ಲಿ ಹಠಾತ್ತನೆ ನಿಂತಿತೆಂದೂ, ಎರಡು ವರ್ಷ ಬಿಟ್ಟು ತೆಗೆದು ನೋಡಿದಾಗ ಬತ್ತಿದ ತೊಟ್ಟಿ ತಾನಾಗಿ ತುಂಬಿಕೊಂಡಿತ್ತೆಂದೂ ಬರೆದಿದ್ದಾನೆ. 1876ರಲ್ಲಿ ಶುರುವಾದ ‘ಹಕಲ್‌ಬೆರಿ ಫಿನ್’ ಕೂಡ ಮಧ್ಯೆ ನಿಂತು, ಮತ್ತೆ ಮತ್ತೆ ಕೈಗೆತ್ತಿಕೊಂಡು, 1883ರಲ್ಲಿ ಮುಗಿಯಿತು.

ಭಾರತಕ್ಕೆ ಸಂಬಂಧಿಸಿದ ಉದಾಹರಣೆ ಇ. ಎಂ. ಫಾರ್ಸ್ಟರ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’. 1912-13ರ ಭೇಟಿಯ ನಂತರ ಆರಂಭಿಸಿದ್ದು ಕೆಲವು ಅಧ್ಯಾಯಗಳಾಗಿ ನಿಂತಿತು. ಮರಾಬಾರ್ ಗುಹೆಗಳಲ್ಲಿ ಬಹು ಮುಖ್ಯವಾದದ್ದೊಂದು ನಡೆಯುತ್ತದೆ, ಅದೇ ಕಾದಂಬರಿಯ ನಡುಗಂಬ ಎಂಬುದು ಅವನಿಗೆ ಗೊತ್ತಿತ್ತು. ಏನು ನಡೆಯುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ. 1921ರಲ್ಲಿ ದೇವಾಸ್ ಸಂಸ್ಥಾನದ ಮಹಾರಾಜರ ಕಾರ್ಯದರ್ಶಿಯಾಗಿ ಮತ್ತೆ ಭಾರತದಲ್ಲಿದ್ದು ಹೋದ ಮೇಲೆ ಕಾದಂಬರಿ ಮುಂದುವರಿದು 1924ರಲ್ಲಿ ಪ್ರಕಟವಾಯಿತು. ಗುಹೆಯೊಳಗೆ ನಡೆದದ್ದೇನೆಂದು ಪುಸ್ತಕ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ. ಲೇಖಕನ ಅರಿವಿನಲ್ಲಿದ್ದ ಆ ಖಾಲಿ ಜಾಗವೇ ಕೃತಿಯ ಅರ್ಥವಾಗಿ ಉಳಿಯಿತು.

ಕೊನೆ ಗೊತ್ತಿರುವ ಕಥೆ

ಚರಿತ್ರೆ ಅಥವಾ ಪುರಾಣದಿಂದ ವಸ್ತು ಪಡೆದ ಕಾದಂಬರಿಯಲ್ಲಿ ಹಂದರ ಮೊದಲೇ ನಿಂತಿರುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಕೊನೆಯ ಅರಸನ ಕಥೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆ ರಾಜ್ಯವನ್ನು ಕಸಿದುಕೊಂಡದ್ದು ಓದುಗನಿಗೂ ಗೊತ್ತು. ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಮಹಾಭಾರತವನ್ನು ಆಧರಿಸಿದ್ದು. ಕುರುಕ್ಷೇತ್ರದ ಫಲಿತಾಂಶದಲ್ಲಿ ಕುತೂಹಲಕ್ಕೆ ಎಡೆಯೇ ಇಲ್ಲ. ಅದನ್ನು ಬರೆಯುವ ಮುನ್ನ ಭೈರಪ್ಪನವರು ಮಹಾಭಾರತದ ನೆಲೆಗಳನ್ನೂ ಹಿಮಾಲಯದ ಪ್ರದೇಶಗಳನ್ನೂ ಸುತ್ತಿ, ಅಲ್ಲಿನ ಜನಜೀವನ ಕಂಡು ಬಂದರು. ಇಂಥ ಕೃತಿಗಳಲ್ಲಿ ‘ಏನಾಯಿತು’ ಎಂಬುದು ಸಿದ್ಧವಾಗಿ ಸಿಗುತ್ತದೆ. ‘ಏಕಾಯಿತು’, ‘ಆಗುವಾಗ ಅವರಿಗೆ ಏನನ್ನಿಸಿತು’ ಎಂಬುದರಲ್ಲಿ ಲೇಖಕನ ಶೋಧ ಇರುತ್ತದೆ. ಹಂದರ ಕಟ್ಟುವ ಕೆಲಸ ತಪ್ಪಿದಷ್ಟೂ ಬಳ್ಳಿಯ ಬೇರಿಗೆ ಗಮನ ಕೊಡಲು ಬಿಡುವು ಸಿಗುತ್ತದೆ.

ಎಷ್ಟು ಹಂದರ, ಯಾವಾಗ

ಯೋಜನೆಯ ಪ್ರಮಾಣವನ್ನು ತೀರ್ಮಾನಿಸುವುದು ಲೇಖಕನ ಮನೋಧರ್ಮ ಒಂದೇ ಅಲ್ಲ. ರಹಸ್ಯವನ್ನು ಆಧರಿಸಿದ ಕಥೆಗೆ, ಹಲವು ತಲೆಮಾರುಗಳ ಕಥೆಗೆ, ಒಂದೇ ಕಾಲದಲ್ಲಿ ಹಲವು ಊರುಗಳಲ್ಲಿ ನಡೆಯುವ ಕಥೆಗೆ ದಿನಾಂಕ, ವಯಸ್ಸು, ದೂರಗಳ ಲೆಕ್ಕ ಮೊದಲೇ ಇರಬೇಕು. ಒಬ್ಬ ಮನುಷ್ಯನ ಅಂತರಂಗವನ್ನೋ ಒಂದು ದನಿಯನ್ನೋ ಹಿಡಿದು ಹೊರಟ ಸಣ್ಣ ಕಾದಂಬರಿ ಅಷ್ಟನ್ನು ಬೇಡುವುದಿಲ್ಲ. ಕಂತುಗಳಲ್ಲಿ ಅಚ್ಚಾಗುವ ಬರಹಕ್ಕೆ ಹಿಂದಿರುಗುವ ದಾರಿ ಇಲ್ಲದಿರುವುದರಿಂದ ಮುಂದಿನ ದಾರಿಯ ಕಲ್ಪನೆ ಬೇಕು. ಟ್ರಾಲಪ್ ಕೂಡ ಪೂರ್ತಿ ಬರೆದು ಮುಗಿಸಿದ ಮೇಲೆಯೇ ಧಾರಾವಾಹಿಗೆ ಕೊಡಬೇಕೆಂಬ ನಿಯಮ ಇಟ್ಟುಕೊಂಡಿದ್ದ. 1860ರ ‘ಫ್ರಾಮ್ಲಿ ಪಾರ್ಸನೇಜ್’ನಲ್ಲಿ ಮೊದಲ ಬಾರಿಗೆ ಅದನ್ನು ಮೀರಬೇಕಾಗಿ ಬಂತು.

ಯೋಜನೆಯ ರೂಪವೂ ಒಂದೇ ಬಗೆಯಲ್ಲ. ವಿಲಿಯಂ ಫಾಕ್ನರ್ ‘ಎ ಫೇಬಲ್’ (1954) ಕಾದಂಬರಿಯ ವಾರದ ದಿನಗಳ ಘಟನೆಗಳನ್ನು ಮಿಸಿಸಿಪಿಯ ಆಕ್ಸ್‌ಫರ್ಡ್ ಊರಿನ ತನ್ನ ಮನೆಯ ಗೋಡೆಯ ಮೇಲೆಯೇ ಬರೆದಿದ್ದ; ಅದು ಇಂದಿಗೂ ಅಲ್ಲಿದೆ. ಕಾದಂಬರಿಕಾರ ನಬೊಕೊವ್ ಚೀಟಿಗಳ ಮೇಲೆ ಬರೆದು, ಅವನ್ನು ಹಿಂದೆ ಮುಂದೆ ಜೋಡಿಸುತ್ತಿದ್ದ. ಅವನಿಗೆ ಆರಂಭದಿಂದ ಅಂತ್ಯಕ್ಕೆ ಬರೆಯುವ ಬಂಧನ ಇರಲಿಲ್ಲ. ಇಡೀ ಚಿತ್ರ ಮನಸ್ಸಿನಲ್ಲಿದ್ದುದರಿಂದ ಯಾವ ಮೂಲೆಯನ್ನಾದರೂ ಮೊದಲು ತುಂಬಬಹುದಿತ್ತು.

ಯೋಜನೆಯಿಲ್ಲದೆ ಮೊದಲ ಕರಡು ಮುಗಿಸಿದವನಿಗೂ ಯೋಜನೆ ತಪ್ಪಿದ್ದಲ್ಲ. ಬರೆದಾದ ಮೇಲೆ ಅಧ್ಯಾಯಗಳ ಪಟ್ಟಿ ಮಾಡಿ, ಯಾರಿಗೆ ಯಾವ ವಿಷಯ ಯಾವಾಗ ತಿಳಿಯಿತು, ಯಾವ ಪಾತ್ರ ಎಲ್ಲಿ ಮರೆಯಾಯಿತು, ಯಾವ ದೃಶ್ಯ ಎರಡು ಸಲ ಬಂದಿದೆ ಎಂದು ನೋಡದೆ ಎರಡನೆಯ ಕರಡು ಸಾಧ್ಯವಿಲ್ಲ. ಯೋಜನೆ ಹಾಕಿಕೊಂಡು ಬರೆದವನಿಗೂ ವಾಲ್ಟರ್ ಗೇಯಂಥ ಹುಡುಗ, ಜಾಕ್‌ನಂಥ ಸಹೋದರ ಎದುರಾದಾಗ ಹಾಳೆಯನ್ನು ತಿದ್ದದೆ ಗತಿಯಿಲ್ಲ. ಒಬ್ಬನಿಗೆ ಹಂದರ ಬಿತ್ತನೆಯ ಹೊತ್ತಿಗೆ ಬರುತ್ತದೆ, ಇನ್ನೊಬ್ಬನಿಗೆ ಬಳ್ಳಿ ನೆಲದ ಮೇಲೆ ಹರಡಿಕೊಂಡ ಮೇಲೆ. ಕಾಯಿ ಹಿಡಿಯುವ ಹೊತ್ತಿಗೆ ಇಬ್ಬರ ಹಿತ್ತಿಲಲ್ಲೂ ಹಂದರ ನಿಂತಿರುತ್ತದೆ, ಇಬ್ಬರ ಹಂದರದಲ್ಲೂ ಮೊದಲು ಲೆಕ್ಕಕ್ಕಿರದ ಒಂದೆರಡು ಗಳುಗಳು ಇರುತ್ತವೆ.